ಎಲ್ಲರೂ ನನ್ನನ್ನೇ ನೋಡ್ತಾರ! ನನಗೇನೂ ಆಗಂಗಿಲ್ಲ!



ಮೇಲಿನ ಎರಡು ಮಾತು ನಮ್ಮ ವಯಸ್ಸಿನವರ ಬಾಯಲ್ಲಿ ದಿನಾ ಕೇಳುತ್ತೇವೆ. ಹದಿಹರೆಯದಲ್ಲಿ ದೇಹ ಬೆಳೆದಷ್ಟು ಬೇಗ ವಿಚಾರ ಬೆಳೆಯುವುದಿಲ್ಲ. ಮುಂದೇನಾದೀತೆಂದು ಯೋಚಿಸಿ ನಮ್ಮನ್ನು ತಡೆಯುವುದು ಮೆದುಳಿನ ಮುಂಭಾಗದ ಕೆಲಸ. ಅದು ಪೂರ್ತಿ ಬಲಿಯುವುದು 25ನೇ ವಯಸ್ಸಿನ ಆಸುಪಾಸಿನಲ್ಲಿ. ಆದ್ದರಿಂದ ಕಾಯಿ ವಿಚಾರ ಬರುವುದು ಕೆಟ್ಟ ಗುಣವಲ್ಲ, ವಯಸ್ಸಿನ ಗುಣ. ಆದರೆ ಅದನ್ನು ಗುರುತಿಸದಿದ್ದರೆ ನಷ್ಟ ನಮಗೇ.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕೈಂಡ್ 1967ರಲ್ಲಿ ಇಂಥ ಎರಡು ವಿಚಾರಗಳ ಬಗ್ಗೆ ಬರೆದರು.

ಮೊದಲನೆಯದು, ಕಲ್ಪನೆಯ ಪ್ರೇಕ್ಷಕರು. ನಾಟಕದ ಪಾತ್ರಧಾರಿಯನ್ನು ನೋಡಿದ ಹಾಗೆ ಎಲ್ಲರೂ ನಮ್ಮನ್ನೇ ನೋಡುತ್ತಾರೆ ಅನಿಸುವುದು. ಹಳೇ ಅಂಗಿ ಹಾಕ್ಕೊಂಡು ಮೈಲಾಪುರ ಜಾತ್ರಿಗೆ ಬರಂಗಿಲ್ಲ ಎಂದು ಮನೆಯಲ್ಲಿ ಜಗಳ. ಗಣಿತ ತಿಳಿಯದಿದ್ದರೂ "ಕೇಳಿದ್ರ ನಗ್ತಾರ" ಎಂದು ಸುಮ್ಮನೆ ಕೂಡುವುದು. ಹತ್ತನೇ ತರಗತಿಯಲ್ಲಿ ಒಂದು ವಿಷಯ ಹೋದರೆ "ಊರಾಗ ಮಾರಿ ಹ್ಯಾಂಗ ತೋರಿಸ್ಲಿ" ಎಂದು ಓದು ಬಿಟ್ಟು ಬೆಂಗಳೂರಿಗೆ ಕೂಲಿಗೆ ಹೋಗುವುದು. ಊರು ಎರಡು ದಿನ ಮಾತಾಡಿ ಮರೆಯುತ್ತದೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಆದರೆ ಬಿಟ್ಟ ಶಾಲೆ ಮತ್ತೆ ಸೇರುವುದು ಕಷ್ಟ.

ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಯಿತು. ನಾಚಿಕೆಯಾಗುವಂಥ ಚಿತ್ರದ ಅಂಗಿ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಮಂದಿ ನೋಡಿರಬೇಕೆಂದು ಅವರು ಎಣಿಸಿದರು. ನಿಜವಾಗಿ ಗುರುತಿಸಿದ್ದು ಕಾಲುಭಾಗದಷ್ಟು ಮಂದಿ!

ಎರಡನೆಯದು, "ನಾನೇ ಬ್ಯಾರೆ" ಎಂಬ ನಂಬಿಕೆ. ನನ್ನ ಕಷ್ಟ ಯಾರಿಗೂ ತಿಳಿಯದು, ಅಪಾಯ ನನಗೆ ಬಾರದು ಎನ್ನುವುದು. ಸುರಪುರ, ಶಹಾಪುರ ಕಡೆಯವರಿಗೆ ನಾರಾಯಣಪುರ ಎಡದಂಡೆ ಕಾಲುವೆ ಗೊತ್ತು. ನೀರು ಬಿಟ್ಟಾಗ ಸೆಳವು ಜೋರು. ಇಳಿಜಾರು ದಂಡೆಯ ಪಾಚಿಗೆ ಕಾಲು ಜಾರಿದರೆ ಮೇಲೆ ಹತ್ತುವುದು ಕಠಿಣ. ಆದರೂ "ನಂಗ ಈಜು ಬರ್ತದ, ಏನಾಗ್ತದ?" ಎಂದು ಜಿಗಿಯುವವರಿದ್ದಾರೆ. ಯಾದಗಿರಿಯ ಭೀಮಾ ನದಿಗೂ ಇದೇ ಮಾತು. ನೀರಿಗೆ ನೀನು, ನಾನು ಎಂಬ ಭೇದವಿಲ್ಲ.

ಹಾಗಾದರೆ ಏನು ಮಾಡಬೇಕು?

1. ನಾಚಿಕೆ ಬಂದಾಗ, ಮೊನ್ನೆ ಪಕ್ಕದವ ಯಾವ ಅಂಗಿ ಹಾಕಿದ್ದ ಎಂದು ನೆನೆಸಿಕೊಳ್ಳಿ. ನೆನಪಿಲ್ಲ ತಾನೇ? ಅವನಿಗೂ ನಿಮ್ಮದು ನೆನಪಿಲ್ಲ.

2. ಹುಮ್ಮಸ್ಸು ಬಂದಾಗ, "ಇದನ್ನ ನನ್ನ ತಮ್ಮ ಮಾಡಿದ್ರ ಬಿಡ್ತಿದ್ನೇನು?" ಎಂದು ಕೇಳಿಕೊಳ್ಳಿ.

3. ಮನಸ್ಸಿನ ಕಷ್ಟವನ್ನು ಅವ್ವ, ಅಕ್ಕ, ಗುರುಗಳು, ಯಾರಾದರೊಬ್ಬರಿಗೆ ಹೇಳಿ. ಅವರೂ ಈ ವಯಸ್ಸು ದಾಟಿಯೇ ಬಂದವರು.

ಗುರುಗಳಲ್ಲಿ ಒಂದು ವಿನಂತಿ: ಯಾರಾದರೂ ತಪ್ಪು ಉತ್ತರ ಹೇಳಿದಾಗ ತರಗತಿ ನಗದಂತೆ ನೋಡಿಕೊಳ್ಳಿರಿ. ಒಂದು ನಗುವಿಗೆ ಅಂಜಿ ಹತ್ತು ಪ್ರಶ್ನೆ ಒಳಗೇ ಉಳಿಯುತ್ತವೆ.