ಸತತ 20 ವರ್ಷ ಸೋಲು: ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಮುಖಪುಟ ದೂರವಾಗಿದ್ದೇಕೆ?

ಅಮೆರಿಕದಲ್ಲಿ ಆಟಗಾರನೊಬ್ಬ ಸ್ಟಾರ್ ಆದ ಎನ್ನುವುದಕ್ಕೆ ದಶಕಗಳ ಕಾಲ ದೊಡ್ಡ ಗುರುತು ಎಂದರೆ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ವಾರಪತ್ರಿಕೆಯ ಮುಖಪುಟ. 1954ರಲ್ಲಿ ಬಂದ ಮೊದಲ ಸಂಚಿಕೆಯ ಮುಖಪುಟದಲ್ಲಿದ್ದುದೂ ಬೇಸ್‌ಬಾಲ್ ಆಟಗಾರನೇ. ಆದರೆ ಸೋಲುತ್ತಲೇ ಇರುವ ತಂಡಕ್ಕೆ ಆ ಜಾಗ ಸಿಗುವುದು ಅಪರೂಪ. ಏಕೆ ಎಂಬುದಕ್ಕೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕಥೆಯಲ್ಲೇ ಉತ್ತರವಿದೆ.

ಒಂದು ಕಾಲದ ಚಾಂಪಿಯನ್

ಪೈರೇಟ್ಸ್ ಮೊದಲಿನಿಂದಲೂ ದುರ್ಬಲ ತಂಡವಾಗಿರಲಿಲ್ಲ. 5 ಬಾರಿ ವರ್ಲ್ಡ್ ಸೀರೀಸ್ ಗೆದ್ದಿದೆ. ಕೊನೆಯದು 1979ರಲ್ಲಿ. ಅದೇ ವರ್ಷ ತಂಡದ ನಾಯಕ ವಿಲ್ಲಿ ಸ್ಟಾರ್ಗೆಲ್ ಈ ಪತ್ರಿಕೆಯ ವರ್ಷದ ಕ್ರೀಡಾಪಟು ಗೌರವವನ್ನು ಹಂಚಿಕೊಂಡಿದ್ದರು.

ದಿಕ್ಕು ಬದಲಿಸಿದ ರಾತ್ರಿ

1992ರ ಅಕ್ಟೋಬರ್ 14. ಅಟ್ಲಾಂಟಾ ಬ್ರೇವ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಕೊನೆಯ ಇನಿಂಗ್ಸ್‌ವರೆಗೂ ಪೈರೇಟ್ಸ್ 2-0 ಮುಂದಿತ್ತು. ಅಲ್ಲಿಂದ 3 ರನ್ ಬಿಟ್ಟುಕೊಟ್ಟು ಸೋತಿತು. ಬೆನ್ನಲ್ಲೇ ತಂಡದ ದೊಡ್ಡ ತಾರೆ ಬ್ಯಾರಿ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಸೇರಿದರು. 1993ರ ಮೇ ತಿಂಗಳಲ್ಲಿ ಬಾಂಡ್ಸ್ ಮುಖಪುಟದಲ್ಲಿ ಮಿಂಚಿದರು, ಆದರೆ ಜೈಂಟ್ಸ್ ಆಟಗಾರನಾಗಿ! ಇತ್ತ ಪೈರೇಟ್ಸ್ 1993ರಿಂದ 2012ರವರೆಗೆ ಪ್ರತಿ ವರ್ಷವೂ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಮುಖಪುಟದ ಲೆಕ್ಕಾಚಾರವೇನು?

ವಾರಪತ್ರಿಕೆಯಾಗಿದ್ದ ಕಾಲದಲ್ಲಿ ಅದಕ್ಕೆ ವರ್ಷಕ್ಕೆ ಸಿಗುತ್ತಿದ್ದುದು ಸುಮಾರು 50 ಮುಖಪುಟ. ಬೇಸ್‌ಬಾಲ್‌ನಲ್ಲೇ 30 ತಂಡಗಳಿವೆ. ಫುಟ್‌ಬಾಲ್, ಬಾಸ್ಕೆಟ್‌ಬಾಲ್, ಒಲಿಂಪಿಕ್ಸ್‌ಗೂ ಜಾಗ ಬೇಕಿತ್ತು. ಅಂಗಡಿಯಲ್ಲಿ ಪತ್ರಿಕೆ ಮಾರಾಟವಾಗಬೇಕಾದರೆ ಇಡೀ ದೇಶಕ್ಕೆ ಗೊತ್ತಿರುವ ಮುಖ ಬೇಕು.

ಬೇಸ್‌ಬಾಲ್‌ನಲ್ಲಿ ತಂಡಗಳ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಿನ ಮಿತಿ ಇಲ್ಲ. ಹೀಗಾಗಿ ಸಣ್ಣ ನಗರದ ತಂಡ ಬೆಳೆಸಿದ ಆಟಗಾರ, ಹೆಸರು ಬಂದ ಮೇಲೆ ಹಣವಂತ ತಂಡದ ಪಾಲಾಗುತ್ತಾನೆ. ತಾರೆ ಹೋದರೆ ಗೆಲುವಿಲ್ಲ, ಗೆಲುವಿಲ್ಲದಿದ್ದರೆ ಪ್ರಚಾರವಿಲ್ಲ, ಪ್ರಚಾರವಿಲ್ಲದಿದ್ದರೆ ಆದಾಯವೂ ಇಲ್ಲ. ಇದೊಂದು ವಿಷವರ್ತುಲ.

ಅಪವಾದವೂ ಇದೆ

2011ರಿಂದ 2013ರವರೆಗೆ ಪ್ರತಿ ವರ್ಷ 100ಕ್ಕೂ ಹೆಚ್ಚು ಪಂದ್ಯ ಸೋತಿದ್ದ ಹೂಸ್ಟನ್ ಆಸ್ಟ್ರೋಸ್ ತಂಡವನ್ನು ಇದೇ ಪತ್ರಿಕೆ 2014ರ ಜೂನ್‌ನಲ್ಲಿ ಮುಖಪುಟಕ್ಕೆ ತಂದಿತು. 2017ರ ಚಾಂಪಿಯನ್ ಇವರೇ ಎಂದು ಭವಿಷ್ಯ ನುಡಿಯಿತು. ಅದು ನಿಜವಾಯಿತು! ಆದರೆ ಆ ವರ್ಷ ಎದುರಾಳಿಗಳ ಸನ್ನೆಗಳನ್ನು ಕ್ಯಾಮೆರಾದಿಂದ ಕದ್ದಿದ್ದು ನಂತರ ಬಯಲಾಗಿ, ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು.

ಭಾರತದ ನಂಟು

ಸೋಲಿನ ಆ ದಿನಗಳಲ್ಲೇ, 2008ರಲ್ಲಿ, ಪೈರೇಟ್ಸ್ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಯುವಕರಿಗೆ ಅವಕಾಶ ಕೊಟ್ಟಿತು. ಈ ರಿಂಕು ಕ್ರಿಕೆಟಿಗ ರಿಂಕು ಅಲ್ಲ. ರಿಯಾಲಿಟಿ ಶೋ ಮೂಲಕ ಆಯ್ಕೆಯಾದ ಇವರಿಬ್ಬರ ಕಥೆಯೇ 2014ರ 'ಮಿಲಿಯನ್ ಡಾಲರ್ ಆರ್ಮ್' ಸಿನಿಮಾ.

ಕಳೆದುಕೊಂಡಿದ್ದು ಯಾರು?

1993ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಮಗು ತನ್ನ ತಂಡದ ಒಂದು ಒಳ್ಳೆಯ ವರ್ಷ ನೋಡುವಾಗ ವಯಸ್ಸು 20. 2013ರಲ್ಲಿ 94 ಪಂದ್ಯ ಗೆದ್ದು ಪ್ಲೇಆಫ್‌ಗೆ ಬಂದಾಗ ಕ್ರೀಡಾಂಗಣದ ತುಂಬ ಕಪ್ಪು ಬಟ್ಟೆ ತೊಟ್ಟ ಅಭಿಮಾನಿಗಳು. ಅವರ ಅಬ್ಬರದ ನಡುವೆ ಎದುರಾಳಿ ಪಿಚರ್ ಕೈಯಿಂದ ಚೆಂಡೇ ಜಾರಿ ಬಿತ್ತು. ಮರು ಎಸೆತದಲ್ಲೇ ಹೋಮ್ ರನ್!

2015ರ ನಂತರ ಪೈರೇಟ್ಸ್ ಮತ್ತೆ ಪ್ಲೇಆಫ್ ಕಂಡಿಲ್ಲ. 2025ರಲ್ಲಿ ಪಾಲ್ ಸ್ಕೀನ್ಸ್ ಲೀಗ್‌ನ ಶ್ರೇಷ್ಠ ಪಿಚರ್ ಪ್ರಶಸ್ತಿ ಗೆದ್ದರೂ ತಂಡ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲೇ ಉಳಿಯಿತು. ಬಾಂಡ್ಸ್ ಹೋದಂತೆ ಸ್ಕೀನ್ಸ್ ಕೂಡ ಹೋಗುತ್ತಾರಾ? ಪಿಟ್ಸ್‌ಬರ್ಗ್ ಅಭಿಮಾನಿಗಳನ್ನು ಕಾಡುತ್ತಿರುವ ಪ್ರಶ್ನೆ ಇದೇ.