ಮುಳುಗಿದ ಹಡಗುಗಳೂ ಸಮುದ್ರಮಾಲಿನ್ಯವೂ

ಆಳಂದ, ಅಫಜಲಪುರ, ಜೇವರ್ಗಿಗಳಂತಹ ಒಳನಾಡಿನ ವಾಚಕರಿಗೆ ಹಡಗಿಗಿಂತ ಹರಿಗೋಲೇ ಪರಿಚಿತವಾದ ವಸ್ತು. ಬಿದಿರು ತೊಗಲುಗಳಿಂದಾದ ಹರಿಗೋಲು ಭೀಮೆಯಂತಹ ಹೊಳೆಯಲ್ಲಿ ಮುಳುಗಿದರೆ ಕೆಲಕಾಲದಲ್ಲಿ ಕೊಳೆತು ಮಣ್ಣುಪಾಲಾಗುವುದು. ಉಕ್ಕಿನ ಹಡಗಿನ ಪಾಡು ಹಾಗಲ್ಲ. ಅದರ ತೊಟ್ಟಿಗಳಲ್ಲಿ ಉಳಿದ ಇಂಧನತೈಲವು, ಸುತ್ತಣ ಲೋಹವು ತುಕ್ಕು ಹಿಡಿದು ಬಾಯ್ದೆರೆಯುವವರೆಗೂ ಒಳಗೆಯೇ ನಿಂತಿರಬಲ್ಲುದು. ಆದುದರಿಂದ ಮುಳುಗಿ ಬಹುಕಾಲವಾಯಿತು, ಇನ್ನು ಭಯವಿಲ್ಲವೆಂಬ ಎಣಿಕೆಯು ಸರಿಯಲ್ಲ.

ಇದಕ್ಕೆ ಅಮೆರಿಕೆಯ ‘ಜೇಕಬ್ ಲಕೆನ್‌ಬಾಕ್’ ಹಡಗೇ ನಿದರ್ಶನ. ಅದು ಸಾನ್‌ಫ್ರಾನ್ಸಿಸ್ಕೋ ನಗರದ ಸಮೀಪದಲ್ಲಿ ಮುಳುಗಿದುದು 1953ರಲ್ಲಿ. ಎಣ್ಣೆ ಮೆತ್ತಿದ ಹಕ್ಕಿಗಳು ಮತ್ತೆಮತ್ತೆ ದಡ ಸೇರುತ್ತಿದ್ದರೂ, ಅದಕ್ಕೆ ಈ ಹಡಗೇ ಮೂಲವೆಂದು ಗೊತ್ತಾದುದು 2002ರಲ್ಲಿ.

ಅಪಾಯವನ್ನು ಅಳೆಯುವವರು ಎರಡು ವಿಷಯಗಳನ್ನು ತೂಗಿ ನೋಡುವರು: ಸೋರಿಕೆಯ ಸಂಭವವೆಷ್ಟು, ಸೋರಿದರೆ ಹಾನಿಯೆಷ್ಟು. ಮೊದಲನೆಯದಕ್ಕೆ ಹಳೆಯ ದಾಖಲೆಗಳೇ ಆಧಾರ. ಹಡಗು ಎಷ್ಟು ತೈಲವನ್ನು ತುಂಬಿಕೊಂಡು ಹೊರಟಿತು, ಎಷ್ಟು ದೂರ ಸಾಗಿತ್ತು, ಸಿಡಿತದಿಂದ ತೊಟ್ಟಿಗಳೊಡೆದು ಮುಳುಗಿತೋ ಬಿರುಗಾಳಿಯಿಂದಲೋ ಎಂಬುದನ್ನು ಶಾಸನಶೋಧಕನಂತೆ ಹುಡುಕಬೇಕು. ಅನಂತರ ಮುಳುಗುಗಾರರೂ ಯಂತ್ರಗಳೂ ಉಕ್ಕಿನ ದಪ್ಪವನ್ನು ಅಳೆಯುವರು. ಉಪ್ಪುನೀರಿನಲ್ಲಿ ಉಕ್ಕು ವರ್ಷಕ್ಕೆ ಸುಮಾರು 0.1 ಮಿಲಿಮೀಟರಿನಂತೆ ಸವೆಯುವುದು ಸಾಮಾನ್ಯ. ಪ್ರವಾಹ, ಆಳ, ಬಲೆಗಳ ಎಳೆತಗಳಿಂದ ಈ ಗತಿಯು ಬದಲಾಗುವುದು. ಎರಡನೆಯದಕ್ಕೆ ಗಾಳಿ ಮತ್ತು ಪ್ರವಾಹಗಳ ದಿಕ್ಕನ್ನೂ, ಮೀನುಗಾರಿಕೆಯನ್ನೂ, ಅಳಿವೆಗಳನ್ನೂ, ಆಮೆಗಳು ಮೊಟ್ಟೆಯಿಡುವ ಮರಳುದಂಡೆಗಳನ್ನೂ ಗಣಿಸಬೇಕು. ಅಪಾಯವು ಅಧಿಕವೆಂದು ತೋರಿದಲ್ಲಿ ತೊಟ್ಟಿಯ ಗೋಡೆಗೆ ಕವಾಟವನ್ನು ಬಿಗಿದು, ರಂಧ್ರ ಕೊರೆದು, ಮಂದವಾದ ತೈಲವನ್ನು ಬಿಸಿಮಾಡಿ ಹೀರಿ ತೆಗೆಯುವರು.

ನಮ್ಮ ಕರಾವಳಿಗೂ ಇದು ಅನ್ವಯಿಸುವುದು. 2006ರ ಮೇ ತಿಂಗಳಲ್ಲಿ ಕಾರವಾರದ ಬಳಿ ಬಂಡೆಗೆ ತಾಗಿದ ‘ಓಷನ್ ಸೆರಾಯ’ ಹಡಗಿನ ತೈಲವು ಗೋವೆಯ ದಂಡೆಯನ್ನೂ ಮುಟ್ಟಿತು. 2022ರ ಜೂನಿನಲ್ಲಿ ಉಳ್ಳಾಲದ ಸಮೀಪದಲ್ಲಿ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದಾಗ ಅದರಲ್ಲಿ ಸುಮಾರು 8000 ಟನ್ ಉಕ್ಕಿನ ಸುರುಳಿಗಳೂ 220 ಟನ್ನಿನಷ್ಟು ತೈಲವೂ ಇದ್ದುವು. ಇಂದು ಮುಳುಗಿದುದೇ ನಾಳೆಯ ಹಳೆಯ ಹಡಗು.

ಮುಳುಗಿದ ಹಡಗಿನ ತೆರವಿನ ಹೊಣೆಯನ್ನು ಒಡೆಯನ ಮೇಲಿರಿಸುವ ನೈರೋಬಿ ಒಡಂಬಡಿಕೆಯು 2007ರಲ್ಲಿ ಅಂಗೀಕೃತವಾಗಿ 2015ರಲ್ಲಿ ಜಾರಿಗೆ ಬಂದಿತು. ಭಾರತವು ಅದಕ್ಕೆ ಸೇರಿದೆ. ಆದರೆ ಅದಕ್ಕೂ ಹಿಂದೆ ಮುಳುಗಿದವುಗಳಲ್ಲಿ ಎಷ್ಟೋ ಹಡಗುಗಳಿಗೆ ಈಗ ಒಡೆಯನೇ ಇಲ್ಲ. ಅಂತಹವುಗಳ ಹೊಣೆ ದಂಡೆಯ ಜನರಿಗೂ ಸರಕಾರಕ್ಕೂ ಬೀಳುವುದು. ಸೋರಿದ ಮೇಲೆ ದಡದ ಎಣ್ಣೆಯನ್ನು ಬಾಚುವುದಕ್ಕಿಂತ, ಸೋರುವ ಮೊದಲೇ ಲೆಕ್ಕವಿಟ್ಟು ಹೊರತೆಗೆಯುವುದು ಮೇಲೆಂಬುದು ನಿರ್ವಿವಾದ.