ಕೂಲಿಮಠ

ಕೂಲಿಮಠವು ಸರ್ಕಾರಿ ಶಾಲೆಗಳು ಹರಡುವ ಮುನ್ನ ಕನ್ನಡ ನಾಡಿನ ಊರು ಕೇರಿಗಳಲ್ಲಿ ಮಕ್ಕಳಿಗೆ ಓದು, ಬರಹ ಮತ್ತು ಲೆಕ್ಕವನ್ನು ಕಲಿಸುತ್ತಿದ್ದ ಏಕೋಪಾಧ್ಯಾಯ ಪ್ರಾಥಮಿಕ ಶಾಲೆ. ೧೯ನೆಯ ಶತಮಾನದ ಉತ್ತರಾರ್ಧದಿಂದ ಇವು ಒಂದೊಂದಾಗಿ ಮುಚ್ಚಿಹೋದವು.

ಹೆಸರು ಮತ್ತು ಸ್ವರೂಪ

ಇಲ್ಲಿ ‘ಮಠ’ ಎಂದರೆ ಪಾಠಶಾಲೆ. ಉಪಾಧ್ಯಾಯನು ಮಕ್ಕಳ ಮನೆಯವರಿಂದ ಕೂಲಿ ಪಡೆದು ಕಲಿಸುತ್ತಿದ್ದುದರಿಂದ ಈ ಹೆಸರು ಬಂದಿತು. ಉತ್ತರ ಕರ್ನಾಟಕದಲ್ಲಿ ಇಂತಹ ಶಾಲೆಯನ್ನು ಗಾಂವಠಿ ಶಾಲೆಯೆಂದೂ ಕರಾವಳಿಯಲ್ಲಿ ಐಗಳ ಮಠವೆಂದೂ ಕರೆಯುತ್ತಿದ್ದರು. ಪ್ರತ್ಯೇಕ ಕಟ್ಟಡವಿರುತ್ತಿದ್ದುದು ಅಪರೂಪ. ದೇವಾಲಯದ ಪ್ರಾಂಗಣ, ಚಾವಡಿ ಅಥವಾ ಮನೆಯ ಜಗಲಿಯೇ ಶಾಲೆಯಾಗುತ್ತಿತ್ತು. ಮಹಾನವಮಿಯಲ್ಲಿ ಮಕ್ಕಳು ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ ಉಪಾಧ್ಯಾಯನಿಗೆ ದಕ್ಷಿಣೆ ಸಂಗ್ರಹಿಸುತ್ತಿದ್ದರು.

ಬೋಧನಾ ಕ್ರಮ

ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಅನಂತರ ಇದ್ದಲಿನ ಪುಡಿ ಬಳಿದ ಹಲಗೆಯ ಮೇಲೆ, ಅಥವಾ ಗಂಜಿ ಹಾಕಿ ಮಡಿಸಿ ಕಪ್ಪು ಲೇಪಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮಗ್ಗಿ, ಕಾಲು, ಅರೆ, ಮುಕ್ಕಾಲುಗಳ ಲೆಕ್ಕ, ಅಮರಕೋಶ ಮತ್ತು ಲಕ್ಷ್ಮೀಶನ ಜೈಮಿನಿ ಭಾರತ ಮುಂತಾದವು ಬಾಯಿಪಾಠವಾಗುತ್ತಿದ್ದವು. ಮುಂದುವರಿದ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತಿದ್ದರು. ಶಿಕ್ಷೆ ಕಠಿಣವಾಗಿತ್ತು, ಹಗ್ಗ ಹಿಡಿಸಿ ತೂಗಾಡಿಸುವ ‘ಕೋದಂಡ’ ಅವುಗಳಲ್ಲಿ ಪ್ರಸಿದ್ಧ.

೧೮೨೩ರ ಬಳ್ಳಾರಿ ವರದಿ

ಮದರಾಸಿನ ಗವರ್ನರ್ ಥಾಮಸ್ ಮನ್ರೋ ೧೮೨೨ರಲ್ಲಿ ಆದೇಶಿಸಿದ ಸಮೀಕ್ಷೆಯ ಅಂಗವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರಲ್ಲಿ ಸಲ್ಲಿಸಿದ ವರದಿಯು ಇಂತಹ ಶಾಲೆಗಳ ಬಗೆಗಿನ ಮುಖ್ಯ ಆಧಾರ. ಅದರಂತೆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ವಿದ್ಯಾರ್ಥಿಗಳು ೬,೬೪೧, ಅಂದರೆ ಶಾಲೆಗೆ ಸರಾಸರಿ ಹನ್ನೆರಡು ಮಂದಿ. ಸುಮಾರು ಒಂಬತ್ತು ಲಕ್ಷದ ಜನಸಂಖ್ಯೆಯಲ್ಲಿ ಇದು ಸಾವಿರಕ್ಕೆ ಏಳರಷ್ಟು ಮಾತ್ರ. ಹುಡುಗಿಯರ ಸಂಖ್ಯೆ ಕೇವಲ ೬೦.

ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಮೆಚ್ಚಿದನು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಇಂತಹ ಶಾಲೆಗಳನ್ನು ಕಂಡು ರೂಪಿಸಿದ ಕ್ರಮವು ಆ ವೇಳೆಗೆ ಇಂಗ್ಲೆಂಡಿನಲ್ಲಿಯೂ ಹರಡಿತ್ತು. ಆದರೆ ಹಳೆಯ ಕಾವ್ಯಗಳ ಭಾಷೆ ಆಡುಮಾತಿಗಿಂತ ಭಿನ್ನವಾದುದರಿಂದ ಮಕ್ಕಳು ಅರ್ಥವರಿಯದೆ ಓದುತ್ತಿದ್ದರೆಂದೂ, ಸ್ಥಳೀಯ ಕೈಗಾರಿಕೆ ಕುಸಿದು ಜನ ಬಡವಾದುದರಿಂದ ಹಲವು ಶಾಲೆಗಳು ಮುಚ್ಚಿದುವೆಂದೂ ಅವನು ಬರೆದನು. ಇಂತಹ ವರದಿಗಳನ್ನು ಧರ್ಮಪಾಲ್ ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಕಲಿಸಿದ್ದಾರೆ.

ಅವನತಿ

ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ೧೮೬೮ರಿಂದ ಹೋಬಳಿ ಶಾಲೆಗಳು ತೆರೆದವು. ಇಂದಿನ ಹಾವೇರಿ ಜಿಲ್ಲೆಯ ಭಾಗವು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಂಸಭಾವಿಯಿರುವ ಹಿರೇಕೆರೂರು ಪ್ರದೇಶವು ಅದರ ಕೋಡ ತಾಲೂಕಾಗಿತ್ತು. ಅಲ್ಲಿ ೧೮೫೫ರಲ್ಲಿ ಸ್ಥಾಪನೆಯಾದ ಶಿಕ್ಷಣ ಇಲಾಖೆಯು ಶಾಲೆಗಳನ್ನು ವಿಸ್ತರಿಸಿತು. ಮರಾಠಿಯ ಪ್ರಭಾವವಿದ್ದ ಆ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಪ್ರಮುಖರು.

ಮುದ್ರಿತ ಪಠ್ಯಪುಸ್ತಕ, ತರಬೇತಿ ಪಡೆದ ಶಿಕ್ಷಕರು ಮತ್ತು ಸರ್ಕಾರಿ ಪರೀಕ್ಷೆಗಳ ಮುಂದೆ ಕೂಲಿಮಠವು ನಿಲ್ಲಲಿಲ್ಲ. ಕೆಲವು ಹಳ್ಳಿಗಳಲ್ಲಿ ಅದು ೨೦ನೆಯ ಶತಮಾನದ ಆರಂಭದವರೆಗೂ ಉಳಿದಿತ್ತು.

ಮಹತ್ತ್ವ

ಸರ್ಕಾರದ ನೆರವಿಲ್ಲದೆ ಊರಿನವರೇ ನಡೆಸಿಕೊಂಡು ಬಂದ ಶಾಲೆಯೆಂಬುದು ಕೂಲಿಮಠದ ಹಿರಿಮೆ. ಆದರೆ ಕೂಲಿ ಕೊಡಲಾರದವರ ಮಕ್ಕಳು, ಹುಡುಗಿಯರು ಮತ್ತು ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರು ಬಹುಮಟ್ಟಿಗೆ ಅದರ ಹೊರಗೇ ಉಳಿದಿದ್ದರು. ಅದು ಮುಚ್ಚಿದಾಗ ಊರಿನ ಕೈಯಲ್ಲಿದ್ದ ಶಾಲೆಯು ಇಲಾಖೆಯ ಕೈಗೆ ಹೋಯಿತು. ಎಲ್ಲರಿಗೂ ತೆರೆದ ಶಾಲೆಯೆಂಬ ಕಲ್ಪನೆಯು ನಿಧಾನವಾಗಿಯಾದರೂ ಬೆಳೆದದ್ದು ಆ ಬಳಿಕವೇ.